ಹಾಡು ಬರೆದಿದ್ದೇನೆ, ರಾಗವೂ ಹಾಕಿದ್ದೇನೆ. ಇನ್ನು ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಸರ್, ನನಗೆ 26 ವರ್ಷ. ಸಾಗರದ ಬಳಿಯ ಹಳ್ಳಿಯವಳು. ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಚಿಕ್ಕವಳಿದ್ದಾಗ ನಾಲ್ಕು ವರ್ಷ ಕರ್ನಾಟಕ ಸಂಗೀತ ಕಲಿತು ಜೂನಿಯರ್ ಪರೀಕ್ಷೆ ಪಾಸಾದೆ, ಆಮೇಲೆ ಬಿಟ್ಟುಹೋಯಿತು. ಐದಾರು ವರ್ಷಗಳಿಂದ ಹಾಡು ಬರೆಯುತ್ತಿದ್ದೇನೆ. ಬರೆಯುವಾಗಲೇ ರಾಗವೂ ಬರುತ್ತದೆ. ಮೊಬೈಲಿನಲ್ಲಿ ನಲವತ್ತು ತುಣುಕುಗಳಿವೆ, ಪೂರ್ತಿಯಾದದ್ದು ಎರಡು. ಗುರುಗಳು ‘ವಿದ್ವತ್ ಪರೀಕ್ಷೆ ಮುಗಿಸದೆ ರಾಗ ಹಾಕುವ ಉಸಾಬರಿ ಬೇಡ’ ಎನ್ನುತ್ತಾರೆ. ಒಂದು ಸ್ಟುಡಿಯೊದವರು 1,20,000 ರೂಪಾಯಿ ಕೊಟ್ಟರೆ ಒಂದು ಹಾಡಿನ ಧ್ವನಿಮುದ್ರಣ, ವಿಡಿಯೊ, ಪ್ರಚಾರ ಎಲ್ಲವನ್ನೂ ಮಾಡಿ, ಲಕ್ಷ ವೀಕ್ಷಣೆ ಖಾತರಿ ಎಂದಿದ್ದಾರೆ. ಅಪ್ಪನಿಗೆ ಇದು ಯಾವುದೂ ಇಷ್ಟವಿಲ್ಲ. ಯಾರಿಗಾದರೂ ಹಾಡು ಕಳುಹಿಸಿದರೆ ಕದ್ದುಬಿಡುತ್ತಾರೆಂಬ ಭಯ. ಮೊದಲು ಪ್ರಸಿದ್ಧ ಭಾವಗೀತೆಗಳನ್ನು ಹಾಡಿ ಯೂಟ್ಯೂಬ್‌ನಲ್ಲಿ ಹಾಕಲೇ? ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಬೇಕೇ? ಅರ್ಧ ಗಂಟೆ ಹಾಡಿದರೆ ಗಂಟಲು ಕಟ್ಟುತ್ತದೆ, ಅದಕ್ಕೇನು ಮಾಡಲಿ? ಒಂದು ಹಾಡನ್ನೂ ಒಪ್ಪಂದದ ಪ್ರತಿಯನ್ನೂ ಕಳುಹಿಸಿದ್ದೇನೆ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿ, ಹಾಡನ್ನು ಐದಾರು ಸಲ ಕೇಳಿದೆ. ಪತ್ರದ ತುಂಬ ಕಳ್ಳತನ, ದುಡ್ಡು, ಬೆಂಗಳೂರು ಇವುಗಳದೇ ಆತಂಕ. ನನ್ನ ಮನಸ್ಸು ನಿಂತದ್ದು ಮಾತ್ರ ನೀವು ಹೇಳಿ ದಾಟಿಹೋದ ಇನ್ನೊಂದು ಸಂಗತಿಯ ಮೇಲೆ: ತುಣುಕು ನಲವತ್ತು, ಮುಗಿದದ್ದು ಎರಡು. ಮೂವತ್ತು ವರ್ಷಗಳಿಂದ ಸುಗಮ ಸಂಗೀತ ಕಲಿಸುತ್ತ, ರಾಗ ಹಾಕುತ್ತ ಬಂದಿದ್ದೇನೆ. ಕಳುವಾದ ಹಾಡುಗಳನ್ನು ನಾನು ಕಂಡದ್ದು ಕಡಿಮೆ. ಮುಗಿಯದೆ ಡೈರಿಯಲ್ಲಿ, ಕ್ಯಾಸೆಟ್ಟಿನಲ್ಲಿ, ಈಗ ಮೊಬೈಲಿನಲ್ಲಿ ಸತ್ತುಹೋದ ಒಳ್ಳೆಯ ಹಾಡುಗಳಿಗೆ ಲೆಕ್ಕವೇ ಇಲ್ಲ. ಹಾಗಾಗಿ ಮೊದಲು ಹಾಡಿನ ವಿಷಯ, ಆಮೇಲೆ ಕಾಗದಪತ್ರದ್ದು. ಒಂದನ್ನು ಮಾತ್ರ ಈಗಲೇ ಹೇಳಿಬಿಡುತ್ತೇನೆ: ಆ ಒಪ್ಪಂದಕ್ಕೆ ಸಹಿ ಹಾಕಬೇಡಿ. ಕಾರಣ ಮುಂದೆ ಬರುತ್ತದೆ.

ನಿಮ್ಮ ಗುರುಗಳ ಮಾತಿನಲ್ಲಿ ಅರ್ಧ ಸತ್ಯವಿದೆ. ಕಲಿಕೆ ಬಿಡಬಾರದು ಎಂಬುದು ನಿಜ. ಆದರೆ ಪರೀಕ್ಷೆ ಮುಗಿಸಿದವರಿಗಷ್ಟೇ ರಾಗ ಹಾಕುವ ಅಧಿಕಾರ ಎಂಬುದು ನಮ್ಮ ನೆಲದ ಇತಿಹಾಸಕ್ಕೆ ಹೊಂದುವ ಮಾತಲ್ಲ. ಮಾತನ್ನೂ ಧಾತುವನ್ನೂ, ಅಂದರೆ ಸಾಹಿತ್ಯವನ್ನೂ ಸಂಗೀತವನ್ನೂ, ತಾನೇ ಕಟ್ಟುವವನಿಗೆ ನಮ್ಮಲ್ಲಿ ವಾಗ್ಗೇಯಕಾರ ಎಂಬ ಹೆಸರೇ ಇದೆ. ಪುರಂದರದಾಸರು, ಕನಕದಾಸರು ಹಾಡುತ್ತಲೇ ಕಟ್ಟಿದವರು. ಶಿಶುನಾಳ ಷರೀಫರು (1819–1889) ಕಂಡದ್ದನ್ನೆಲ್ಲ ಹಾಡಾಗಿಸಿದರು. ಕವಿ ಬರೆಯುವುದು, ಸಂಯೋಜಕ ರಾಗ ಹಾಕುವುದು, ಗಾಯಕ ಹಾಡುವುದು ಎಂಬ ಮೂರು ಪಾಲು ಗಟ್ಟಿಯಾದದ್ದು ಆಮೇಲೆ, ಭಾವಗೀತೆ ಮತ್ತು ಸಿನಿಮಾದ ಕಾಲದಲ್ಲಿ. ಅಲ್ಲಿಯೂ ಹಂಸಲೇಖ ಸಾಹಿತ್ಯ, ಸಂಗೀತ ಎರಡನ್ನೂ ತಾವೇ ಮಾಡಿದರು. ಮೈಸೂರಿನ ರಘು ದೀಕ್ಷಿತ್ ವಿದ್ವತ್ ಮಾಡಿದ್ದು ಭರತನಾಟ್ಯದಲ್ಲಿ, ಓದಿದ್ದು ಸೂಕ್ಷ್ಮಜೀವಶಾಸ್ತ್ರ, ಗಿಟಾರ್ ಕಲಿತದ್ದು ತಾವಾಗಿಯೇ. ನೀವು ಜೂನಿಯರ್‌ನಲ್ಲಿ ಕಲಿತ ಸ್ವರಲಿಪಿ ಮತ್ತು ತಾಳಜ್ಞಾನ ಹಾಡು ಕಟ್ಟಲು ಸಾಕು. ಸೀನಿಯರ್ ಮಾಡುವ ಮನಸ್ಸಿದ್ದರೆ ಖಂಡಿತ ಮಾಡಿ, ಆದರೆ ಹಾಡನ್ನು ಅಲ್ಲಿಯವರೆಗೆ ಕಾಯಿಸಬೇಡಿ.

ಇನ್ನು ನೀವು ಕಳುಹಿಸಿದ ಹಾಡು. ಅದರ ಪಲ್ಲವಿಯ ಮೊದಲ ಸಾಲು ನನ್ನನ್ನು ಹಿಡಿದು ನಿಲ್ಲಿಸಿತು:

ಮಳೆಯು ನಿಂತ ಮೇಲೆ ಕೂಡ ಹಂಚಿನಿಂದ ಹನಿ

ಇದನ್ನು ತೊಡೆಯ ಮೇಲೆ ತಟ್ಟುತ್ತ ಓದಿ ನೋಡಿ. ಮಳೆಯು, ನಿಂತ, ಮೇಲೆ, ಕೂಡ, ಹಂಚಿ, ನಿಂದ. ಲಘುವಿಗೆ ಒಂದು, ಗುರುವಿಗೆ ಎರಡು ಎಂದು ಎಣಿಸಿದರೆ ಎಲ್ಲವೂ ಮೂರು ಮಾತ್ರೆ. ಕೊನೆಯ ‘ಹನಿ’ ಎರಡು. ಆರು ಮೂರಲೆ ಹದಿನೆಂಟು, ಜೊತೆಗೆ ಎರಡು, ಒಟ್ಟು ಇಪ್ಪತ್ತು. ಆರು ಮಾತ್ರೆಯ ದಾದ್ರಾ ತಾಳದಲ್ಲಿ ನಾಲ್ಕು ಆವರ್ತನಕ್ಕೆ ಇಪ್ಪತ್ನಾಲ್ಕು ಬೇಕು. ಉಳಿದ ನಾಲ್ಕು ಮಾತ್ರೆಯನ್ನು ನೀವು ‘ನಿ’ಯ ಮೇಲೆ ತೂಗುಬಿಟ್ಟಿದ್ದೀರಿ. ಹನಿ ಬೀಳುವ ಮುನ್ನ ಹಂಚಿನ ತುದಿಯಲ್ಲಿ ನಿಲ್ಲುತ್ತದಲ್ಲ, ಹಾಗೆಯೇ ದನಿಯೂ ನಿಂತಿದೆ. ನೀವು ಎಣಿಸಿ ಬರೆದಿರಲಿಕ್ಕಿಲ್ಲ, ಕಿವಿ ಎಣಿಸಿದೆ. ಇದನ್ನು ಯಾವ ಸ್ಟುಡಿಯೊದವರೂ ದುಡ್ಡಿಗೆ ಹಾಕಿಕೊಡಲಾರರು.

ಎರಡನೇ ಸಾಲಿಗೆ ಬಂದಾಗ ಕಾಲು ಎಡವಿತು. ‘ಅಪ್ಪ ಬರುವ ಬಸ್ಸಿನ ಸದ್ದಿಗೆ ಅಮ್ಮ ಬಾಗಿಲಲ್ಲಿ ಕಾಯುತ್ತಿದ್ದಾಳೆ’ ಎಂದಿದ್ದೀರಿ. ‘ಅಪ್ಪ’, ‘ಬರುವ’ ಮೂರು ಮೂರು. ‘ಬಸ್ಸಿನ’, ‘ಸದ್ದಿಗೆ’ ನಾಲ್ಕು ನಾಲ್ಕು. ‘ಕಾಯುತ್ತಿದ್ದಾಳೆ’ ಎಂಬುದು ಗದ್ಯದ ಕ್ರಿಯಾಪದ, ಅದೊಂದೇ ಒಂಬತ್ತು ಮಾತ್ರೆ ನುಂಗುತ್ತದೆ. ರಾಗ ಮೊದಲ ಸಾಲಿನ ನಡೆಯಲ್ಲೇ ಸಾಗಬೇಕಾದ್ದರಿಂದ ನೀವು ಹಾಡುವಾಗ ‘ಬಸ್ನ ಸದ್ಗೆ’ ಎಂದು ಅಕ್ಷರಗಳನ್ನು ಹಿಸುಕಿದ್ದೀರಿ. ತುಣುಕುಗಳು ಮುಗಿಯದೆ ಉಳಿಯುವುದು ಹೆಚ್ಚಾಗಿ ಇಂಥ ಕಡೆಯಲ್ಲೇ. ಮೊದಲ ಸಾಲು ತಾನಾಗಿ ಬರುತ್ತದೆ, ಎರಡನೆಯದು ಅದರ ನಡೆಗೆ ಒಗ್ಗುವುದಿಲ್ಲ. ಎಲ್ಲಿ ಒಗ್ಗಲಿಲ್ಲ ಎಂಬುದು ತಿಳಿಯದೆ, ‘ಇವತ್ತು ಮೂಡ್ ಇಲ್ಲ’ ಎಂದುಕೊಂಡು ಮೊಬೈಲ್ ಕೆಳಗಿಡುತ್ತೀರಿ. ಮೂಡ್ ಇದ್ದೇ ಇತ್ತು, ತಪ್ಪಿದ್ದು ಮಾತ್ರೆ. ಒಂದು ಸಾಧ್ಯತೆ ಹೀಗಿರಬಹುದು:

ಬಸ್ಸು ಬರುವ ಸದ್ದಿಗೆಂದು ಅಮ್ಮ ಬಾಗಿಲಲಿ

ಮತ್ತೆ ಆರು ಮೂರು, ಕೊನೆಗೆ ಎರಡು. ಅಪ್ಪ ಎಂಬ ಮಾತೇ ಬಿದ್ದುಹೋಯಿತಲ್ಲ ಎನ್ನಬೇಡಿ. ಯಾರು ಬರಬೇಕೆಂದು ಹೇಳದೆ ಬಿಟ್ಟಾಗ ಕೇಳುವವರು ಕಿವಿ ನಿಮಿರಿಸುತ್ತಾರೆ. ಅಪ್ಪನನ್ನು ಚರಣಕ್ಕೆ ಉಳಿಸಿಕೊಳ್ಳಿ. ಇದೇ ಸಾಲು ಬೇಕೆಂದು ನನ್ನ ಹಟವಿಲ್ಲ. ನಿಮ್ಮ ಹಾಡು, ನಿಮ್ಮ ಅಮ್ಮ. ಕೆಲಸ ಎಲ್ಲಿದೆ ಎಂದು ತೋರಿಸಿದೆ ಅಷ್ಟೆ.

ಕನ್ನಡದಲ್ಲಿ ಹಾಡು ಕಟ್ಟುವವರಿಗೆ ಇದಕ್ಕಿಂತ ದೊಡ್ಡ ಆಸ್ತಿ ಇನ್ನೊಂದಿಲ್ಲ. ಶಾಲೆಯಲ್ಲಿ ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕಿದ್ದು ನೆನಪಿದೆಯೇ? ಮೂರು, ನಾಲ್ಕು, ಮೂರು, ನಾಲ್ಕು. ಆ ಏಳರ ನಡೆ ಮಿಶ್ರಛಾಪು ತಾಳದ ನಡೆಯೇ. ಐದೈದರ ಸಾಲು ಖಂಡಛಾಪುವಿಗೆ ಹೋಗುತ್ತದೆ, ನಾಲ್ಕುನಾಲ್ಕರದ್ದು ಆದಿತಾಳಕ್ಕೋ ಕೆಹರ್ವಾಕ್ಕೋ ಸಲೀಸಾಗಿ ಕೂರುತ್ತದೆ. ಪರೀಕ್ಷೆಗೆಂದು ಕಲಿತು ಮರೆತ ಛಂದಸ್ಸನ್ನು ಹಾಡು ಕಟ್ಟುವವರು ಮತ್ತೆ ಕಲಿಯಬೇಕು. ನನ್ನ ವಿದ್ಯಾರ್ಥಿಗಳಿಗೆ ಹಾರ್ಮೋನಿಯಂ ಕೊಡುವ ಮೊದಲು ಪ್ರಸ್ತಾರ ಹಾಕಿಸುತ್ತೇನೆ; ಆರಂಭದಲ್ಲಿ ಗೊಣಗಿದವರೇ ಆಮೇಲೆ ಬಂದು ಹೊಸ ಸಾಲು ತೋರಿಸುತ್ತಾರೆ.

ಇನ್ನೊಂದು ತಪ್ಪು ಚರಣದಲ್ಲಿದೆ. ‘ಅಮ್ಮನ ಬಳೆಯ ಸದ್ದು’ ಎಂಬಲ್ಲಿ ರಾಗದ ಎಳೆತ ‘ಬ’ದ ಮೇಲೆ ಬಿದ್ದು, ನನಗೆ ‘ಬಾಳೆಯ ಸದ್ದು’ ಎಂದು ಕೇಳಿಸಿತು. ಹ್ರಸ್ವವನ್ನು ಎಳೆದರೆ ಕನ್ನಡದಲ್ಲಿ ಪದವೇ ಬೇರೆಯಾಗುತ್ತದೆ: ಮರ ಮಾರನಾಗುತ್ತಾನೆ. ಎಳೆಯುವುದಿದ್ದರೆ ದೀರ್ಘಾಕ್ಷರದ ಮೇಲೆ, ಇಲ್ಲವೇ ಪದದ ಕೊನೆಯ ಸ್ವರದ ಮೇಲೆ ಎಳೆಯಿರಿ. ಒತ್ತಕ್ಷರದ ಹಿಂದಿನ ಅಕ್ಷರವನ್ನು ಎಳೆಯಬೇಡಿ. ‘ಹಕ್ಕಿ’ಯಲ್ಲಿ ‘ಹ’ವನ್ನು ಎಳೆದರೆ ಹಕ್ಕಿ ಹಾರುವುದಿಲ್ಲ. ಪದದ ನಡುವೆ ಉಸಿರು ತೆಗೆದುಕೊಳ್ಳುವುದನ್ನೂ ಬಿಡಬೇಕು.

ನಲವತ್ತರಲ್ಲಿ ಮೂರನ್ನು ಆರಿಸಿಕೊಳ್ಳಿ. ಆರಿಸುವುದು ಹೇಗೆಂದರೆ, ಬೆಳಗ್ಗೆ ಎದ್ದು, ಮೊಬೈಲ್ ಮುಟ್ಟದೆ, ಯಾವುದು ತಾನಾಗಿ ಬಾಯಿಗೆ ಬರುತ್ತದೋ ಅದು. ಮರೆತುಹೋದ ರಾಗವನ್ನು ಕೇಳುಗರೂ ಮರೆಯುತ್ತಾರೆ. ಆ ಮೂರಕ್ಕೂ ಪಲ್ಲವಿ, ಎರಡು ಚರಣ ಆಗುವವರೆಗೆ ಹೊಸದನ್ನು ಮೊಬೈಲಿಗೆ ತುಂಬಬೇಡಿ. ಪದ ಸಿಗದ ಕಡೆ ‘ತಾನನ’ ಎಂದು ಹಾಡಿಕೊಂಡು ಮುಂದೆ ಹೋಗಿ, ನಿಲ್ಲಬೇಡಿ. ಮುಗಿದ ಮೇಲೆ ಸಾಹಿತ್ಯದ ಮೇಲೆ ಸ್ವರ, ತಾಳದ ಗುರುತು ಹಾಕಿ ನೋಟುಪುಸ್ತಕದಲ್ಲಿ ದಿನಾಂಕದೊಂದಿಗೆ ಬರೆದಿಡಿ. ಈ ಪುಸ್ತಕ ಮುಂದೆ ಇನ್ನೊಂದು ಕೆಲಸಕ್ಕೂ ಬರುತ್ತದೆ.

ಗಂಟಲಿನ ವಿಷಯ. ರೆಕಾರ್ಡಿಂಗ್‌ನಲ್ಲಿ ನೀವು ಆರೂವರೆ ಮನೆ ಶ್ರುತಿಯಲ್ಲಿ ಹಾಡಿದ್ದೀರಿ (ಮನೆ ಎಂದರೆ ಹಾರ್ಮೋನಿಯಂನ ಕೀಲಿ, ಸಂಖ್ಯೆ ಏರಿದಂತೆ ಶ್ರುತಿಯೂ ಏರುತ್ತದೆ). ಸಿನಿಮಾ ಹಾಡುಗಳ ಕರೋಕೆ ಟ್ರ್ಯಾಕ್ ಇಟ್ಟುಕೊಂಡು ಅಭ್ಯಾಸ ಮಾಡುವವರಲ್ಲಿ ಇದು ಸಾಮಾನ್ಯ. ಹೆಣ್ಣುಮಕ್ಕಳ ಶ್ರುತಿ ಹೆಚ್ಚಾಗಿ ನಾಲ್ಕೂವರೆಯಿಂದ ಆರು ಮನೆಯ ನಡುವೆ ಇರುತ್ತದೆ. ನಿಮ್ಮ ಕೆಳಗಿನ ಸ್ಥಾಯಿಯ, ಅಂದರೆ ಮಂದ್ರದ, ಪಂಚಮ ಕೇಳಿದರೆ ನಿಮ್ಮದು ಐದು ಅಥವಾ ಐದೂವರೆ ಇರಬೇಕು. ಅಲ್ಲಿಗೆ ಇಳಿಸಿ ಹಾಡಿದರೆ ಮೇಲಿನ ತಾರಸ್ಥಾಯಿಯ ಮಧ್ಯಮಕ್ಕೆ ಹೋದಾಗ ಕುತ್ತಿಗೆಯ ನರ ಉಬ್ಬುವುದಿಲ್ಲ. ಒಂದೇ ಸಲಕ್ಕೆ ಅರ್ಧ ಗಂಟೆ ಬೇಡ, ಹದಿನೈದು ನಿಮಿಷದಂತೆ ದಿನಕ್ಕೆ ಎರಡು ಸಲ ಸಾಕು. ಕಾಳುಮೆಣಸು, ಕಲ್ಲುಸಕ್ಕರೆ, ಜೇನು ಇವು ಧ್ವನಿತಂತುಗಳನ್ನು ಸರಿಮಾಡುತ್ತವೆ ಎಂಬುದು ನಂಬಿಕೆ ಮಾತ್ರ. ನುಂಗಿದ್ದು ಅನ್ನನಾಳಕ್ಕೆ ಹೋಗುತ್ತದೆ, ಧ್ವನಿಪೆಟ್ಟಿಗೆಯನ್ನು ಮುಟ್ಟುವುದಿಲ್ಲ. ಗಂಟಲಿಗೆ ಹಿತವೆನಿಸಿದರೆ ತಿನ್ನಿ, ಆದರೆ ಅದರ ಬಲದ ಮೇಲೆ ಹಾಡಬೇಡಿ. ದಿನವಿಡೀ ನೀರು ಕುಡಿಯುತ್ತಿರಿ. ದನಿ ಕಟ್ಟಿದಾಗ ಪಿಸುಮಾತಿಗೆ ಇಳಿಯಬೇಡಿ, ಅದೂ ಆಯಾಸವೇ, ಸುಮ್ಮನಿರುವುದು ಮೇಲು. ಗೊಗ್ಗರು ದನಿ ಮೂರು ವಾರ ಕಳೆದರೂ ಹೋಗದಿದ್ದರೆ, ಅಥವಾ ಹಾಡುವಾಗ ನೋವಿದ್ದರೆ ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸಲೇಬೇಕು.

ಈಗ ಒಪ್ಪಂದ. ಒಂದು ಹಾಡಿನಲ್ಲಿ ಕಾನೂನು ಮೂರು ಸ್ವತ್ತುಗಳನ್ನು ಕಾಣುತ್ತದೆ: ಸಾಹಿತ್ಯ ಒಂದು, ಸಂಗೀತ ಒಂದು, ಧ್ವನಿಮುದ್ರಣ ಮತ್ತೊಂದು. ಮೊದಲ ಎರಡು ಕಟ್ಟಿದವರವು, ಅಂದರೆ ನಿಮ್ಮವು. ಮೂರನೆಯದು, ಮುದ್ರಣ ಮಾಡಿಸುವ ಮುಂದಾಳತ್ವ ಮತ್ತು ಹೊಣೆ ಹೊತ್ತ ನಿರ್ಮಾಪಕರದು. ನೀವು ಕಳುಹಿಸಿದ ಕರಾರಿನ ಮೂರನೇ ಪುಟದಲ್ಲಿ ಮೂರೂ ಹಕ್ಕು ‘ಶಾಶ್ವತವಾಗಿ ಸಂಸ್ಥೆಗೆ ಸೇರಿದ್ದು’ ಎಂದಿದೆ. ಪೂರ್ತಿ ಹಣ ಕೊಡುವವರು ನೀವು, ಹಾಡು ಕಟ್ಟಿದವರು ನೀವು, ಹಾಡುವವರೂ ನೀವು; ಕೊನೆಗೆ ನಿಮ್ಮ ಹಾಡನ್ನು ಇನ್ನೊಂದು ಕಡೆ ಮುದ್ರಿಸಬೇಕಾದರೆ ಅವರ ಅನುಮತಿ ಕೇಳಬೇಕು. ಹಣ ಹೂಡುವ ಕಂಪನಿ ಹಕ್ಕು ಕೇಳಿದರೆ ಅದರಲ್ಲೊಂದು ನ್ಯಾಯವಿದೆ, ಚೌಕಾಸಿ ಮಾಡಬಹುದು. ಹಣವನ್ನೂ ಹಕ್ಕನ್ನೂ ಒಟ್ಟಿಗೆ ಕೇಳುವವರ ಜೊತೆ ಮಾತು ಮುಂದುವರಿಸುವ ಅಗತ್ಯವಿಲ್ಲ.

ಇದನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ. 1998ರಲ್ಲಿ ಎಂಟು ಹಾಡುಗಳ ಕ್ಯಾಸೆಟ್ ಒಂದಕ್ಕೆ ರಾಗ ಹಾಕಿದೆ. ಮೂರು ಸಾವಿರ ರೂಪಾಯಿ ಕೊಟ್ಟು, ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ಹಾಕಿಸಿಕೊಂಡರು. ಏನು ಬರೆದಿದೆ ಎಂದು ಓದುವಷ್ಟು ತಾಳ್ಮೆಯೂ ನನಗಿರಲಿಲ್ಲ, ಕ್ಯಾಸೆಟ್ಟಿನ ಮೇಲೆ ಹೆಸರು ಬರುತ್ತದೆಂಬ ಸಂಭ್ರಮ. ಅವುಗಳಲ್ಲಿ ಎರಡು ಹಾಡು ಊರೂರಿನ ಶಾಲಾ ವಾರ್ಷಿಕೋತ್ಸವಗಳಲ್ಲಿ ಕೇಳಿಬಂದವು. ಹತ್ತು ವರ್ಷದ ನಂತರ ಅವನ್ನೇ ನನ್ನ ಶಿಷ್ಯರಿಂದ ಹೊಸದಾಗಿ ಹಾಡಿಸಿ ಮುದ್ರಿಸಲು ಹೊರಟಾಗ ಆ ಕಾಗದ ಅಡ್ಡ ಬಂತು.

ಈಗ ಪರಿಸ್ಥಿತಿ ಕೊಂಚ ಮೇಲು. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಹಕ್ಕನ್ನು ಬರೆದುಕೊಟ್ಟ ಮೇಲೂ ಸಾಹಿತಿ ಮತ್ತು ಸಂಯೋಜಕರಿಗೆ ರಾಯಧನದಲ್ಲಿ (ರಾಯಲ್ಟಿ) ಸಮಪಾಲು ಉಳಿಯುತ್ತದೆ. ‘ರಾಯಧನ ಬೇಡ’ ಎಂದು ಬರೆಸಿಕೊಂಡರೂ ಆ ಮಾತು ಊರ್ಜಿತವಾಗುವುದಿಲ್ಲ. ಅವಧಿಯನ್ನೇ ನಮೂದಿಸದ ಕರಾರು ಐದು ವರ್ಷಕ್ಕಷ್ಟೇ ಎಂದು ಕಾಯ್ದೆ ಹೇಳುತ್ತದೆ. ನಿಮ್ಮದರಲ್ಲಿ ‘ಶಾಶ್ವತ’ ಎಂದು ಬರೆದಿರುವುದರಿಂದ ಆ ರಕ್ಷಣೆಯೂ ಇಲ್ಲ. ಸಾಹಿತ್ಯ, ಸಂಗೀತದ ರಾಯಧನ ವಸೂಲಿಗೆ ಐಪಿಆರ್‌ಎಸ್ ಎಂಬ ಸಂಘವಿದೆ. ಹಾಡು ಬಿಡುಗಡೆಯಾದ ಮೇಲೆ ಅದರ ಸದಸ್ಯತ್ವ ಪಡೆದು ಪ್ರತಿ ಹಾಡನ್ನೂ ನೋಂದಾಯಿಸಿ.

‘ಲಕ್ಷ ವೀಕ್ಷಣೆ ಖಾತರಿ’ ಎಂಬ ಮಾತಿಗೂ ಬೆಲೆ ಕೊಡಬೇಡಿ. ಯಾರು ನೋಡುತ್ತಾರೆಂದು ಯಾರೂ ಖಾತರಿ ಕೊಡಲಾರರು, ಕೊಂಡ ವೀಕ್ಷಣೆಯ ಹೊರತು. ಹಾಗೆ ಕೃತಕವಾಗಿ ಏರಿಸುವುದು ಯೂಟ್ಯೂಬ್‌ನ ನಿಯಮಕ್ಕೆ ವಿರುದ್ಧ. ಸಿಕ್ಕಿಬಿದ್ದರೆ ವಿಡಿಯೊ ಹೋಗುತ್ತದೆ, ಚಾನೆಲ್ಲೂ ಹೋಗಬಹುದು.

ಕಳ್ಳತನದ ಭಯ ಪೂರ್ತಿ ಸುಳ್ಳಲ್ಲ. ಆದರೆ ಭಯದಿಂದ ಯಾರಿಗೂ ಕೇಳಿಸದೆ ಇಟ್ಟ ಹಾಡನ್ನು ಕಳೆದುಕೊಂಡಂತೆಯೇ ಲೆಕ್ಕ. ಕೃತಿಸ್ವಾಮ್ಯ ಹುಟ್ಟುವುದು ಹಾಡನ್ನು ಬರೆದ ಅಥವಾ ಮುದ್ರಿಸಿದ ಕ್ಷಣದಲ್ಲೇ, ನೋಂದಣಿ ಕಡ್ಡಾಯವಲ್ಲ. ತಲೆಯಲ್ಲಿರುವ ರಾಗಕ್ಕೆ ರಕ್ಷಣೆಯಿಲ್ಲ, ಕಾಗದಕ್ಕೆ ಇಳಿದದ್ದಕ್ಕೆ ಇದೆ. ನೋಟುಪುಸ್ತಕದ ಇನ್ನೊಂದು ಕೆಲಸ ಎಂದದ್ದು ಇದನ್ನೇ. ತನಗೆ ತಾನೇ ರಿಜಿಸ್ಟರ್ಡ್ ಪೋಸ್ಟ್ ಕಳುಹಿಸಿಕೊಂಡು ಲಕೋಟೆ ಒಡೆಯದೆ ಇಡುವ ಹಳೆಯ ಉಪಾಯವನ್ನು ನಂಬಿ ಕೂರಬೇಡಿ. ನಿಜಕ್ಕೂ ಬೆಲೆಯುಳ್ಳದ್ದು ಎನಿಸಿದ ಹಾಡನ್ನು ಕೃತಿಸ್ವಾಮ್ಯ ಕಚೇರಿಯಲ್ಲಿ ಆನ್‌ಲೈನ್ ಮೂಲಕವೇ ನೋಂದಾಯಿಸಬಹುದು. ಸಾಹಿತ್ಯಕ್ಕೆ 500 ರೂಪಾಯಿ, ಸಂಗೀತಕ್ಕೆ 500, ಧ್ವನಿಮುದ್ರಣಕ್ಕೆ 2,000 ಶುಲ್ಕ. ಮೋಹನ, ಹಂಸಧ್ವನಿಯಂಥ ಶಾಸ್ತ್ರೀಯ ರಾಗಗಳು ಯಾರಪ್ಪನ ಆಸ್ತಿಯೂ ಅಲ್ಲ, ಹಾಗಾಗಿ ನೀವು ಬಳಸಿದ ಶಾಸ್ತ್ರೀಯ ರಾಗದಲ್ಲೇ ಇನ್ನೊಬ್ಬರ ಹಾಡು ಕೇಳಿದೊಡನೆ ಕದ್ದರು ಎಂದು ಕುದಿಯಬೇಡಿ.

ಪ್ರಸಿದ್ಧ ಭಾವಗೀತೆಗಳನ್ನು ಹಾಡಿ ಹಾಕುವ ಯೋಚನೆಗೆ ನನ್ನ ಬೆಂಬಲ ಅರ್ಧ ಮಾತ್ರ. ಕವಿ ತೀರಿಕೊಂಡ ನಂತರ 60 ವರ್ಷ ಹಕ್ಕು ಅವರ ವಾರಸುದಾರರದು. ಬೇಂದ್ರೆಯವರು 1981ರಲ್ಲಿ ಹೋದರು, ಹಾಗಾಗಿ 2041ರ ಕೊನೆಯವರೆಗೆ. ಕುವೆಂಪು 1994ರಲ್ಲಿ, ಹಾಗಾಗಿ 2054ರವರೆಗೆ. ಷರೀಫರ ಪದಗಳು ಎಲ್ಲರಿಗೂ ಮುಕ್ತ. ಆದರೆ ನಾವು ನೀವು ಗುನುಗುವ ಧಾಟಿಗಳಲ್ಲಿ ಹಲವು ಸಿ. ಅಶ್ವತ್ಥ್ ಅವರು ಹಾಕಿದ್ದು. ಅವರು ತೀರಿಕೊಂಡದ್ದು 2009ರಲ್ಲಿ, ಆ ಸಂಗೀತದ ಹಕ್ಕು ಬಹುಕಾಲ ಇರುತ್ತದೆ. ಯೂಟ್ಯೂಬ್ ಇಂಥದ್ದನ್ನು ತಾನಾಗಿ ಗುರುತಿಸಿ ಜಾಹೀರಾತಿನ ಆದಾಯವನ್ನು ಹಕ್ಕುದಾರರಿಗೆ ತಿರುಗಿಸಬಹುದು, ವಿಡಿಯೊವನ್ನೇ ತೆಗೆಯಲೂಬಹುದು. ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಬೇರೆ: ಬೇರೆಯವರ ಹಾಡಿಗೆ ಬಂದ ಕೇಳುಗರು ನಿಮ್ಮ ಹಾಡು ಹಾಕಿದ ದಿನ ಬರುವುದಿಲ್ಲ. ಷರೀಫರ ಒಂದು ಪದಕ್ಕೆ ನೀವೇ ಹೊಸ ರಾಗ ಹಾಕಿ ಹಾಡಿ. ಮಾತು ಎಲ್ಲರಿಗೂ ಗೊತ್ತಿರುವುದರಿಂದ ಕಿವಿ ನಿಮ್ಮ ರಾಗದ ಮೇಲೇ ಇರುತ್ತದೆ. ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಸಿದ್ಧ ಹಿನ್ನೆಲೆ ಸಂಗೀತದ, ಅಂದರೆ ‘ಬೀಟ್’ ಮೇಲೆ ಮಾತ್ರ ಹಾಡಬೇಡಿ. ಒಂದೇ ಬೀಟನ್ನು ನೂರಾರು ಜನರಿಗೆ ಬಾಡಿಗೆ ಕೊಟ್ಟಿರುತ್ತಾರೆ, ನಾಳೆ ಯಾರೋ ನಿಮ್ಮ ಹಾಡು ತಮ್ಮದೆನ್ನಬಹುದು.

ಮೊದಲ ಮುದ್ರಣಕ್ಕೆ ಸ್ಟುಡಿಯೊ ಬೇಡವೇ ಬೇಡ. ಸೀರೆ ತುಂಬಿದ ಬೀರುವಿನ ಬಾಗಿಲು ತೆರೆದು, ಅದಕ್ಕೆ ಮುಖ ಮಾಡಿ ಕೂತು, ಬೆನ್ನ ಹಿಂದೆ ಕಂಬಳಿ ಇಳಿಬಿಟ್ಟು, ಫ್ಯಾನ್ ಆರಿಸಿ, ತಂಬೂರಿ ಆ್ಯಪ್‌ನ ಶ್ರುತಿಯನ್ನು ಇಯರ್‌ಫೋನಿನಲ್ಲಿ ಕೇಳುತ್ತ ಮೊಬೈಲಿಗೇ ಹಾಡಿ. ಬಟ್ಟೆ ಗೋಡೆಯ ಮಾರ್ದನಿಯನ್ನು ಹೀರಿಕೊಳ್ಳುತ್ತದೆ. ನೀವು ಕಳುಹಿಸಿದ ಮುದ್ರಣ ಅಡುಗೆಮನೆಯದ್ದಿರಬೇಕು, ಪಾತ್ರೆಯ ಗುಂಯ್‌ಗುಡುವಿಕೆ ಅದರಲ್ಲಿದೆ. ಮೂರು ಹಾಡು ಸಿದ್ಧವಾಗಿ, ಜನರ ಮುಂದೆ ಹತ್ತಾರು ಸಲ ಹಾಡಿ ಪಳಗಿದ ಮೇಲೆ, ಒಂದೇ ಒಂದು ಹಾಡಿಗೆ ಸ್ಟುಡಿಯೊ ಬಾಡಿಗೆ, ವಾದಕರ ಸಂಭಾವನೆ ಬೇರೆಬೇರೆಯಾಗಿ ನೀವೇ ಕೊಟ್ಟು ರಸೀದಿ ಪಡೆಯಿರಿ. ಧ್ವನಿಮುದ್ರಣ ನಿಮ್ಮದೆಂದು ಒಂದು ಹಾಳೆಯಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ. ಸ್ಪಾಟಿಫೈ, ಜಿಯೊಸಾವನ್ ಮುಂತಾದ ಕಡೆ ಹಾಡು ಹೋಗುವುದು ವಿತರಕರ ಮೂಲಕ. ಅವರ ಷರತ್ತುಗಳಲ್ಲೂ ಅವಧಿ ಎಷ್ಟು, ಬಿಟ್ಟು ಬರುವುದು ಹೇಗೆ ಎಂಬ ಎರಡನ್ನು ಓದಿ. ಆದಾಯವನ್ನು ಸದ್ಯಕ್ಕೆ ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಯೂಟ್ಯೂಬ್‌ನಲ್ಲಿ ಜಾಹೀರಾತಿನ ಪಾಲು ಸಿಗಲು 1,000 ಚಂದಾದಾರರು ಮತ್ತು ವರ್ಷದೊಳಗೆ 4,000 ಗಂಟೆಗಳ ವೀಕ್ಷಣೆ ಆಗಬೇಕು, ಆದ ಮೇಲೂ ಬರುವುದು ಚಿಲ್ಲರೆ ಹಣ.

ಆದ್ದರಿಂದ ಕೆಲಸ ಬಿಡಬೇಡಿ. ಅಪ್ಪನ ಆತಂಕ ಹಾಡಿನ ಮೇಲಿನದ್ದಲ್ಲ, ಸಂಬಳದ್ದು ಎಂದು ನನಗನಿಸುತ್ತದೆ. ಸಿ. ಅಶ್ವತ್ಥ್ ಐಟಿಐ ಎಂಬ ದೂರವಾಣಿ ಕಾರ್ಖಾನೆಯಲ್ಲಿ ದುಡಿಯುತ್ತಲೇ ರಾಗ ಹಾಕಿದವರು. ಗಾಯಕ ಶಿವಮೊಗ್ಗ ಸುಬ್ಬಣ್ಣ ವಕೀಲರಾಗಿದ್ದರು. ಬೆಂಗಳೂರಿನಲ್ಲಿ ಅವಕಾಶ ಹೆಚ್ಚು, ನಿಜ. ಸಿನಿಮಾದ ಟ್ರ್ಯಾಕ್ ಹಾಡುವುದೇ ಗುರಿಯಾಗಿದ್ದರೆ ಅಲ್ಲಿ ಇರಲೇಬೇಕು. ಆದರೆ ನಿಮ್ಮ ಗುರಿ ನಿಮ್ಮ ಹಾಡು. ಅಲ್ಲಿ ಮನೆಬಾಡಿಗೆಗಾಗಿ ಮದುವೆ ಆರ್ಕೆಸ್ಟ್ರಾಗಳಲ್ಲಿ ವರ್ಷಗಟ್ಟಲೆ ಬೇರೆಯವರ ಹಾಡು ಹಾಡಿ, ಬರೆಯುವುದನ್ನೇ ಬಿಟ್ಟ ಪ್ರತಿಭಾವಂತರನ್ನು ನಾನು ಬಲ್ಲೆ.

ನಿಮ್ಮ ಸುತ್ತಲೇ ಇರುವುದನ್ನು ನೋಡಿ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ ನಿಮಗೆ ಪಕ್ಕದಲ್ಲೇ ಇದೆ. ಸುತ್ತಲಿನ ಹವ್ಯಾಸಿ ನಾಟಕ ತಂಡಗಳಿಗೆ ಹಾಡು ಕಟ್ಟಿಕೊಡುವವರು, ಹಾಡುವವರು ಸದಾ ಬೇಕು. ರಂಗಗೀತೆಯಂಥ ಶಾಲೆ ಇನ್ನೊಂದಿಲ್ಲ. ಮೈಕ್ ಇಲ್ಲದೆ ಕೊನೆಯ ಸಾಲಿನವರಿಗೂ ಮಾತು ಸ್ಪಷ್ಟವಾಗಿ ಕೇಳಬೇಕು ಎಂಬ ಒಂದೇ ಕಟ್ಟುಪಾಡು ನಿಮ್ಮ ‘ಬಳೆ’ಯನ್ನು ‘ಬಾಳೆ’ಯಾಗಲು ಬಿಡುವುದಿಲ್ಲ. ಭದ್ರಾವತಿ ಆಕಾಶವಾಣಿಯಲ್ಲಿ ಸುಗಮ ಸಂಗೀತದ ಧ್ವನಿಪರೀಕ್ಷೆ ಯಾವಾಗ ಎಂದು ವಿಚಾರಿಸಿ. ಗಣೇಶೋತ್ಸವ, ರಾಜ್ಯೋತ್ಸವದ ವೇದಿಕೆಯಲ್ಲಿ ಎರಡು ಗೊತ್ತಿರುವ ಹಾಡಿನ ನಡುವೆ ನಿಮ್ಮದೊಂದನ್ನು ಹಾಡಿ, ಹಾಡುವಾಗ ಮುಂದಿನ ಸಾಲಿನವರನ್ನು ಗಮನಿಸಿ. ಯಾವ ಕ್ಷಣದಲ್ಲಿ ಅವರು ಪಕ್ಕದವರ ಜೊತೆ ಮಾತಿಗಿಳಿದರೋ ಆ ಸಾಲಿಗೆ ಮನೆಗೆ ಬಂದು ಗುರುತು ಹಾಕಿ.

ಸದ್ಯಕ್ಕೆ ಸ್ಟುಡಿಯೊದವರಿಗೆ ‘ಬೇಡ’ ಎಂದು ಒಂದು ಸಾಲು ಬರೆದುಬಿಡಿ. ಮುಂಗಡವೆಂದು ಏನಾದರೂ ಕೊಟ್ಟಿದ್ದರೆ ಮರಳಿ ಕೇಳಿ, ಫೋನಿನಲ್ಲಿ ಬೇಡ, ಬರಹದಲ್ಲಿ. ಮಳೆಯ ಹಾಡನ್ನು ಐದೂವರೆ ಮನೆಗೆ ಇಳಿಸಿ, ತಂಬೂರಿಯೊಂದನ್ನೇ ಇಟ್ಟುಕೊಂಡು, ಬೀರುವಿನ ಮುಂದೆ ಕೂತು ಹಾಡಿ ಮತ್ತೆ ಕಳುಹಿಸಿ. ಕಳುಹಿಸುವ ಮುನ್ನ ಎರಡನೇ ಚರಣ ಬರೆಯಬೇಕು. ಆ ಬಸ್ಸು ಬಂತೋ ಇಲ್ಲವೋ ನನಗೆ ಇನ್ನೂ ಗೊತ್ತಾಗಿಲ್ಲ.